ಸಹಿಗಾಗಿ ಊಟಿ ಹತ್ತಿದ ದಿನ

ಬಯಲುಸೀಮಿಯವ ಗುಡ್ಡದ ಊರಿಗೆ ಹೋದನಂದರ ಏನಾದರೊಂದು ಆಗೇ ಆಗತೈತಿ. ನನಗಂತೂ ಮೊದಲ ದಿನಾನೇ ನಾಲ್ಕು ಆದವು.

ಆಗ ನಿಜಾಮರ ಕಾಲ. ಲಿಂಗಸುಗೂರಿನ ಕಚೇರಿಯೊಳಗ ನಾನು ಹಂಗಾಮಿ ಗುಮಾಸ್ತ. ನೌಕರಿ ಕಾಯಂ ಆಗಬೇಕಾದರ ‘ಇವನ ಮೈ ಗಟ್ಟಿ ಐತಿ’ ಅಂತ ಡಾಕ್ಟರ್ ಸಾಹೇಬರ ಸಹಿ ಬೇಕು. ಸಾಹೇಬರು ನೋಡಿದರ ರಜಾ ಹಾಕಿ ಊಟಿಯೊಳಗ ಕುಂತಿದ್ದರು. ಹದಿನೈದು ದಿನದಾಗ ಕಾಗದ ಬರದಿದ್ದರ ಜಾಗಾ ಮತ್ತೊಬ್ಬನ ಪಾಲು.

“ಅಷ್ಟು ದೂರ ಒಬ್ಬನೇ ಹೋಗತೀಯೇನೋ?” ಅಂದಳು ಅವ್ವ.

“ಮಸ್ಕಿ ಗುಡ್ಡಾ ಒಂದೇ ಉಸಿರಿಗೆ ಹತ್ತೀನಿ. ಊಟಿ ಯಾವ ಲೆಕ್ಕ ಬೇ?” ಅಂದು ಹೊಂಟೆ.

ಏರು

ಮೋಟಾರು ಇಳಿದು ಹೋಟೆಲಿನ ಕಡೆ ಏರು ಹತ್ತಿದೆ. ಹತ್ತು ಹೆಜ್ಜಿಗೆ ಎದಿ ಧಡಧಡ, ಇಪ್ಪತ್ತಕ್ಕ ಕುಂತೇಬಿಟ್ಟೆ. ಕಟಿಗಿ ಹೊರಿ ಹೊತ್ತ ಮುದುಕಿಯೊಬ್ಬಳು ನನ್ನ ದಾಟಿ ಹೋಗಿ, ಹೊಳ್ಳಿ ನೋಡಿದಳು. ಆ ಬೆಟ್ಟದ ಮಂದಿ ಮಾತು ನಮ್ಮ ಕನ್ನಡಕ್ಕ ಭಾಳ ದೂರಿಲ್ಲ. ಅಕಿ ಅಂದದ್ದು ನನಗ ಚಲೋತ್ನಾಗ ತಿಳೀತು: “ಹೊರಿ ನಂದು, ತೇಕೋದು ನೀನೇನಪಾ?”

ಹೊಗಿ

ಹೋಟೆಲಿನ್ಯಾಗ ಚಹಾ ಕುಡಿಯೋರ ಬಾಯಾಗೆಲ್ಲಾ ಹೊಗಿ. ಊರಿಗೆ ಊರೇ ಬೀಡಿ ಸೇದತೈತಿ ಅನಕೊಂಡೆ. ಅಷ್ಟರಾಗ ತಾಯಿ ಬಗಲಾಗಿದ್ದ ಕೂಸಿನ ಬಾಯಿಂದನೂ ಹೊಗಿ ಬಂತು! ತಡಕೊಳ್ಳಲಿಲ್ಲ.

“ಅಕ್ಕಾರ, ಕೂಸಿಗೂ ಕಲಿಸೀರೇನ್ರಿ?”

ಹೋಟೆಲಿನ ಯಜಮಾನ ಮೈಸೂರು ಕಡೆಯವ. ನಗು ತಡೆದುಕೊಂಡು ಅಂದ: “ಸ್ವಾಮಿ, ಮೊದಲು ನಿಮ್ಮ ಬೀಡಿ ಆರಿಸಿ.”

ನೋಡಕೋತೀನಿ, ಥಂಡಿಗೆ ನನ್ನ ಬಾಯಾಗೂ ಹೊಗಿ!

ಜಳಕ

“ನೀರು ಕಾಯಿಸಲಾ?” ಅಂತ ಅವನೇ ಕೇಳಿದ.

“ಬ್ಯಾಡ್ರಿ. ನಾವು ತಣ್ಣೀರಿನ ಮಂದಿ.”

ಒಂದು ತಂಬಿಗಿ ಸುರಕೊಂಡೆ, ಅಷ್ಟೇ. ಬಾಯಾಗ ಏನೇನು ಬಂತೋ ಶಿವನೇ ಬಲ್ಲ. ಹೊರಗ ಬಾಗಿಲು ಬಡದ ಸಪ್ಪಳ: “ಸಾಕು ಸ್ವಾಮಿ! ಮುಕ್ಕೋಟಿ ದೇವರನ್ನೂ ಒಂದೇ ಚೊಂಬಲ್ಲಿ ಕರೆದುಬಿಟ್ರಲ್ಲ!”

ಎದಿ

ಸಂಜಿಗೆ ತಂದಿದ್ದ ಐದೂ ಅಂಗಿ ಒಂದರ ಮ್ಯಾಲೊಂದು ತೊಟ್ಟು, ಕೋಟು ಏರಿಸಿ, ಕಂಬಳಿ ಹೊದ್ದು ಸಾಹೇಬರ ಬಂಗಲೆಗೆ ಹೋದೆ. ಮತ್ತ ಏರು. ಎದಿ ಹಲಗಿ ಬಡದಂಗ ಬಡಕೊಳ್ಳಾಕತ್ತಿತ್ತು. ಇದನ್ನ ಕೇಳಿದರ ನೌಕರಿ ಹೋತು ಅಂತ ಒಳಗೊಳಗ ಅಂಜಿಕಿ. ಮುಖದ ಮ್ಯಾಲೆ ಮಾತ್ರ ಪೈಲ್ವಾನನ ಗತ್ತು.

“ಅಂಗಿ ತೆಗಿ,” ಅಂದು ಸಾಹೇಬರು ಕಿವಿಗೆ ನಳಿಗಿ ಸಿಗಿಸಿಕೊಂಡರು.

ಎದಿ ಶಾಂತ ಆಗಲಿ ಅಂತ ನಿಧಾನ ಗುಂಡಿ ಬಿಚ್ಚಿದೆ. ಕಂಬಳಿ ಹೋತು, ಕೋಟು ಹೋತು. ಒಂದು ಅಂಗಿ ಹೋತು, ಕೆಳಗ ಇನ್ನೊಂದು. ಅದೂ ಹೋತು, ಮತ್ತೊಂದು. ನಾಲ್ಕನೇದರ ಗುಂಡಿಗೆ ಕೈ ಹಾಕಿದಾಗ ಸಾಹೇಬರು ನಳಿಗಿ ಕಿತ್ತು ಮೇಜಿನ ಮ್ಯಾಲಿಟ್ಟರು.

“ಬಸ್ ಕರೋ ಭಾಯಿ! ನಿನ್ನ ಎದಿ ಸಿಗೋದ್ರಾಗ ನನಗ ಪೆನ್ಶನ್ ಆಗತೈತಿ. ಒಳಗೊಬ್ಬ ಮನಶ್ಯಾ ಅದಾನ ಅಂತ ನಂಬಿ ಸಹಿ ಹಾಕತೀನಿ, ಕಾಗದ ತಾ!”