ಅಮೆರಿಕದಮ್ಮನ ಮಡಿಲಕ್ಕಿ

ಗುಂಡ್ಲುಪೇಟೆಯಲ್ಲಿ ಒಬ್ಬರು ನಿಜವಾದ ದೊರೆಸಾನಿ ಇದ್ದರು. ಅವರನ್ನು ದೊರೆಸಾನಿ ಎಂದು ಕರೆದವರ ಮೇಲೆ ಅವರು ಚೊಂಬಿನ ನೀರು ಎರಚುತ್ತಿದ್ದರು! ನಂಬುವುದಿಲ್ಲವೇ? ನಮ್ಮ ಪೋಸ್ಟ್‌ಮ್ಯಾನ್ ಇದ್ದಿದ್ದರೆ ಅವನನ್ನೇ ಕೇಳಬಹುದಿತ್ತು. ಇಂಗ್ಲೆಂಡಿನ ಲಕೋಟೆಯ ಮೇಲಿದ್ದ ಬಿರುದನ್ನು ಗೇಟಿನಲ್ಲಿ ನಿಂತು ಗಟ್ಟಿಯಾಗಿ ಓದಿದ ತಪ್ಪಿಗೆ ಅವನು ಎಷ್ಟೋ ಸಲ ನೆನೆದು ಮನೆಗೆ ಹೋಗಿದ್ದ.

ಇದು ಐವತ್ತರ ದಶಕದ ಮಾತು. ನಾನಾಗ ಹೈಸ್ಕೂಲು ಹುಡುಗಿ. ಊಟಿ ರಸ್ತೆಯಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಅವರ ಹೆಂಚಿನ ಬಂಗಲೆಯಿತ್ತು. ಅವರು ಹುಟ್ಟಿದ್ದು ಅಮೆರಿಕದಲ್ಲಿ. ಅಪ್ಪ ಸೋಪು ಮಾಡಿ ಮಾರಿ ಸಾಹುಕಾರನಾದವನು. ಅವನಿಗೆ ಬಿರುದಿರುವ ಅಳಿಯ ಬೇಕಾಗಿತ್ತು. ಇಂಗ್ಲೆಂಡಿನ ಒಬ್ಬ ಲಾರ್ಡಿಗೆ ತನ್ನ ಸೋರುವ ಬಂಗಲೆಗೆ ಹೊಸ ಚಾವಣಿ ಬೇಕಾಗಿತ್ತು. ಇನ್ನೇನು, ಜಾತಕ ಕೂಡಿಬಂತು! ಬಹಳ ವರ್ಷಗಳ ಮೇಲೆ ಆ ಲಾರ್ಡು ಬೇಟೆಯ ಹುಚ್ಚಿಗೆ ಹೆಂಡತಿಯನ್ನೂ ಕಟ್ಟಿಕೊಂಡು ನಮ್ಮ ಕಾಡಿನ ಕಡೆ ಬಂದವನು ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಇನ್ನು ಈಯಮ್ಮ ಹಡಗು ಹತ್ತುತ್ತಾರೆ ಎಂದು ಊರೆಲ್ಲ ಅಂದುಕೊಂಡರೆ, ಅವರು ಹೋಗಿ ಎರಡು ಎಮ್ಮೆ ಹಿಡಿದುಕೊಂಡು ಬಂದರು.

ಕನ್ನಡವನ್ನು ಅವರು ಕಲಿತದ್ದು ಆ ಎಮ್ಮೆ ಕಾಯುವವಳಿಂದ. ಹಾಗಾಗಿ ನಾವು ಶಾಲೆಯಲ್ಲಿ ಮೇಷ್ಟ್ರಿಂದ ಬೈಸಿಕೊಂಡು ಬಿಟ್ಟ ಮಾತುಗಳೆಲ್ಲ ಅವರ ಬಾಯಲ್ಲಿ ಸುಖವಾಗಿದ್ದವು.

ನಮ್ಮ ಅಜ್ಜಿಗೆ ಅವರ ಸ್ನೇಹ ಕೂಡಿದ್ದು ಹಿತ್ತಲ ಬೇಲಿಯ ಹತ್ತಿರ.

"ಅಲ್ಲಿ ಅತ್ತೆ ಕಾಟ ಇತ್ತಾ?" ಎಂದು ಅಜ್ಜಿ ಕೇಳಿದಳು.

"ಮೂರು ವರ್ಸ ಮಾತೇ ಆಡ್ನಿಲ್ಲ ಕಣವ್ವ. ನಾ ಕೂತು ಎದ್ದ ಕುರ್ಚಿ ಮೂಸಿ ನೋಡೋಳು, ಸೋಪಿನ ವಾಸ್ನೆ ಬತ್ತದಾ ಅಂತ!"

ಅಜ್ಜಿ ಬೇಲಿಗೆ ಇನ್ನಷ್ಟು ಹತ್ತಿರ ಬಂದಳು. "ನಮ್ಮತ್ತೆನೂ ಅಂಗೇ. ನಾ ತವರಿಂದ ಒಡಕೊಂಡು ಬಂದ ಎಮ್ಮೆ ಹಾಲು ಬೇಕು, ನನ್ನ ಮೊಕ ಬ್ಯಾಡ."

ನಮ್ಮ ಕಡೆ ಸೊಸೆಯನ್ನು ತವರೂರು ಹಿಡಿದು ಕರೆಯುತ್ತಾರೆ. ಅಜ್ಜಿ ಕುದೇರಿನಿಂದ ಬಂದವಳು. ತಲೆ ನೆರೆತರೂ ಊರಿಗೆಲ್ಲ ಕುದೇರಮ್ಮ. ಅದೇ ವಾಡಿಕೆಯಂತೆ ಅವಳು ಒಂದು ದಿನ ಇವರನ್ನು "ಅಮೆರಿಕದಮ್ಮ" ಎಂದು ಕೂಗಿದಳು. ಅಂದು ಚೊಂಬಿನ ನೀರು ಬೀಳಲಿಲ್ಲ. ಸಂಜೆ ನಮ್ಮ ಮನೆಗೆ ಒಂದು ಬಿಂದಿಗೆ ಮಜ್ಜಿಗೆ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಚಾಮರಾಜನಗರದಲ್ಲಿ ರೈಲಿಳಿದು, ಬಾಡಿಗೆ ಕಾರು ಮಾಡಿಕೊಂಡು, ತೆರಕಣಾಂಬಿಯ ದೂಳನ್ನೆಲ್ಲ ಕುಡಿದು, ತೆಳ್ಳನೆಯ ಕೆಂಪು ಯುವಕನೊಬ್ಬ ಬಂದಿಳಿದ. ಅವರ ಮೈದುನನ ಮಗ. ಈಗ ಲಾರ್ಡ್ ಪಟ್ಟ ಅವನದು. ವಯಸ್ಸಾದ ದೊಡ್ಡಮ್ಮನನ್ನು ಕರೆದೊಯ್ಯಲು ಬಂದಿದ್ದ. ಅವನು ಇಂಗ್ಲಿಷಿನಲ್ಲಿ ಕೇಳಿದ. ಅಮೆರಿಕದಮ್ಮ ಉತ್ತರ ಕೊಟ್ಟದ್ದು ಕನ್ನಡದಲ್ಲಿ! ಮಧ್ಯೆ ಸಿಕ್ಕಿಬಿದ್ದವಳು ನಾನು.

"ಎಮ್ಮೆ ಈಯೋ ಟೈಮು, ಬರಕ್ಕಾಗಲ್ಲ ಅಂತ ಏಳಮ್ಮಿ ಇವ್ನ್ಗೆ."

'ಈಯುವುದು' ಎಂಬುದಕ್ಕೆ ನಮ್ಮ ಪಾಠದಲ್ಲಿ ಇಂಗ್ಲಿಷಿರಲಿಲ್ಲ. "ಎಮ್ಮೆಗೆ ಕೆಲಸವಿದೆ" ಎಂದೆ. ಲಾರ್ಡು ಗೌರವದಿಂದ ತಲೆಯಾಡಿಸಿದ.

ದಕ್ಷಿಣದ ಬಿಸಿಲು ಬೀಳುವ ಕೋಣೆ ಕೊಡುತ್ತೇವೆ ಎಂದ. "ಚಾವಣಿ ಈಗ್ಲೂ ಸೋರ್ತದಾ ಕೇಳು" ಎಂದರು. ಕೇಳಿದೆ. ಎರಡು ಕಡೆ ಸೋರುತ್ತದೆ ಎಂದು ಅವನು ತಲೆ ತಗ್ಗಿಸಿದ.

"ನಮ್ಮಪ್ಪನ ಸೋಪೆಲ್ಲ ಕರಗೋಯ್ತು ಬುಡು!"

ಅವನು ಸೋತು ಹ್ಯಾಟು ಹಿಡಿದು ಎದ್ದ. ಬಾಗಿಲವರೆಗೆ ಹೋದವನು ನಿಂತು, ಹೋದ ವರ್ಷ ತನಗೆ ಮದುವೆಯಾಯಿತೆಂದೂ ಹುಡುಗಿ ಅಮೆರಿಕದವಳೆಂದೂ ಹೇಳಿದ.

ಅಮೆರಿಕದಮ್ಮ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗಲೇ. "ಅವಳು ಊಟ ಮಾಡುತ್ತಾಳಾ?" ಎಂದು ಕೇಳಿದರು.

ಅವನು ಕೈಯಲ್ಲಿದ್ದ ಹ್ಯಾಟನ್ನು ತಿರುಗಿಸುತ್ತ ನಿಂತ. "ಬಡಿಸಿದ ತಟ್ಟೆ ಹಾಗೇ ವಾಪಸು ಬರುತ್ತದೆ. ಯಾರೊಡನೆಯೂ ಮಾತಿಲ್ಲ. ಕಿಟಕಿಯ ಹತ್ತಿರ ಕೂತಿರುತ್ತಾಳೆ. ಏನು ಮಾಡಬೇಕೋ ನನಗೆ ಗೊತ್ತಾಗುತ್ತಿಲ್ಲ. ಅದಕ್ಕೇ ಬಂದೆ."

ಅಮೆರಿಕದಮ್ಮ ಎದ್ದು ಅಂಗಳಕ್ಕಿಳಿದು ಎಮ್ಮೆಗಳ ಹಗ್ಗ ಬಿಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಮ್ಮೆಗೋಳ ನಿಮ್ಮ ಕೊಟ್ಟಿಗೆಗೆ ಒಡಕೊಂಡು ಓಗಮ್ಮಿ."

ಹೊರಡುವ ದಿನ ಅಜ್ಜಿ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟುಕೊಂಡು ಬಂದಳು. ಮಗಳು ತವರಿನಿಂದ ಹೊರಡುವಾಗ ಸೆರಗಿಗೆ ತುಂಬುವ ಮಡಿಲಕ್ಕಿ. ಕಳಿಸಿಕೊಡಲು ನೆರೆದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು: "ಗಂಡ ಸತ್ತೋಳ್ಗೆ ಮಡ್ಲಕ್ಕಿ ತುಂಬ್ತಾರಾ ಕುದೇರಮ್ಮ?"

"ಸತ್ತಿರೋನು ಗಂಡ ಕಣವ್ವ. ತವರು ಸತ್ತದಾ? ನಾ ಇಲ್ಲೇ ನಿಂತಿವ್ನಲ್ಲ."

ಅದೇನೋ ಸರಿ, ಗೌನಿಗೆ ಸೆರಗೆಲ್ಲಿಂದ ಬರಬೇಕು? ಅಜ್ಜಿ ಒಳಗೆ ಓಡಿ ತನ್ನ ಹೊಸ ಸೀರೆ ತಂದು, ಗೌನಿನ ಮೇಲೆಯೇ ಅವರ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಮಡಿಲು ಮಾಡಿ, ಬೊಗಸೆ ಬೊಗಸೆ ಅಕ್ಕಿ ಸುರಿದಳು. ಪೋಸ್ಟ್‌ಮ್ಯಾನನ್ನು ನಡುಗಿಸಿದ ಹೆಂಗಸು ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ನಿಂತಿದ್ದರು. ಕಾರಿನ ಪಕ್ಕದಲ್ಲಿದ್ದ ಲಾರ್ಡು ಏನೂ ಅರ್ಥವಾಗದಿದ್ದರೂ ಹ್ಯಾಟು ತೆಗೆದ.

"ನಮ್ಮಪ್ಪನ ಮನೆ ಬುಟ್ಟಾಗ ಬ್ಯಾಂಡು ಬಾರಿಸಿದ್ರು ಕಣವ್ವ" ಎಂದರು ಅಮೆರಿಕದಮ್ಮ. "ಯಾರೂ ಅಳ್ನಿಲ್ಲ."

"ನಾ ಅಳ್ತಾವ್ನಿ, ಓಗ್ಬುಟ್ಟು ಬಾ" ಎಂದಳು ಅಜ್ಜಿ.

ಅವರು ಮತ್ತೆ ಬರಲಿಲ್ಲ. ಮೂರು ತಿಂಗಳ ಮೇಲೆ ಕಾಗದ ಬಂತು. ನಾನು ಓದಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಹುಡುಗಿ ಮೊದಲ ದಿನ ಬಾಗಿಲು ತೆಗೆಯಲಿಲ್ಲವಂತೆ. ಇವರು ಬಾಗಿಲಾಚೆ ನೆಲದ ಮೇಲೆ ಸಂಜೆಯವರೆಗೂ ಕೂತಿದ್ದರಂತೆ. ಮಾರನೆಯ ದಿನ ಅಡುಗೆಯವನನ್ನು ಆಚೆ ಕಳಿಸಿ, ಮಡಿಲಕ್ಕಿಯನ್ನು ಬೆಲ್ಲ ಹಾಕಿ ತಾವೇ ಬೇಯಿಸಿದರಂತೆ. ಪರಿಮಳಕ್ಕೆ ಹುಡುಗಿ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳಂತೆ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಕೈಯಲ್ಲಿ ತಿಂದರಂತೆ.

ಕಾಗದ ಮಡಿಸಿ ಅಜ್ಜಿಯ ಮುಖ ನೋಡಿದೆ.

"ಆ ಮಗ ಒಟ್ಟೆ ತುಂಬ ಉಂಡ್ಳಾ?"

"ಎರಡು ಸಲ ಬಡಿಸಿಕೊಂಡಳಂತೆ."

ಅಜ್ಜಿ ಹೂಂ ಎಂದು ಎದ್ದು ಒಳಗೆ ಹೋದಳು. ಗೋಡೆಯಾಚೆ ಅವಳು ಮೂಗು ಎಳೆದುಕೊಳ್ಳುವುದು ಬಹಳ ಹೊತ್ತು ಕೇಳಿಸುತ್ತಿತ್ತು.