ಜೋಳ ಕೊಟ್ಟು ತಂದ ಮುತ್ತಜ್ಜ

ಮನುಷ್ಯ ತನ್ನ ಮೂಗು, ಬಣ್ಣ, ಎತ್ತರಗಳನ್ನು ಹೇಗೋ ಒಪ್ಪಿಕೊಳ್ಳುತ್ತಾನೆ. ಮುತ್ತಜ್ಜನನ್ನು ಒಪ್ಪಿಕೊಳ್ಳುವುದು ಮಾತ್ರ ಕಷ್ಟ. ಸತ್ತವನಲ್ಲವೇ, ಸ್ವಲ್ಪ ತಿದ್ದಿದರೆ ಎದ್ದು ಬಂದು ಕೇಳುತ್ತಾನೆಯೇ ಎಂಬ ಧೈರ್ಯ ಬೇರೆ. ಸಂತಪುರದ ಸಾಲೆಯಲ್ಲಿ ನಾನು ಕಲಿತದ್ದು ಉರ್ದುವಿನ ಮೊದಲ ಪುಸ್ತಕದ ಅರ್ಧ. ಬುದ್ಧಿಯ ಮಾತುಗಳೆಲ್ಲ ಉಳಿದರ್ಧದಲ್ಲಿ ಇದ್ದವೇನೋ. ಇಲ್ಲದಿದ್ದರೆ ಒಡಹುಟ್ಟಿದ ತಂಗಿ ಬಸವ್ವನ ಮದುವೆಗೆ ನಾನೇ ಕಲ್ಲು ಹಾಕಲು ಹೋಗುತ್ತಿದ್ದೆನೆ?

ಭಾಲ್ಕಿಯ ಬೇಳೆ ವ್ಯಾಪಾರಿಯ ಮನೆಯಿಂದ ಗಂಡಿನವರು ಡಾಬಕಾದ ನಮ್ಮ ಮನೆಗೆ ಬರುವವರಿದ್ದರು. "ಹಿರೇರು ಯಾರು, ಎಲ್ಲಿಂದ ಬಂದ್ರು ಅಂತ ಕೇಳ್ತಾರ. ಹೆಳವನ್ನ ಕರ್ಕೊಂಡು ಬಾ," ಎಂದರು ಅಪ್ಪ. ಹೆಳವನೆಂದರೆ ಎತ್ತಿನ ಮೇಲೆ ಊರೂರು ತಿರುಗುತ್ತ, ಮನೆಮನೆಯ ವಂಶಾವಳಿಯನ್ನು ಬಾಯಿಪಾಠ ಹೇಳಿ ಕಾಳು ಪಡೆಯುವವನು. ಅವನನ್ನು ಔರಾದದ ಸಂತೆಯಲ್ಲಿ ಹಿಡಿದು, ಮೊದಲು ನನ್ನೊಬ್ಬನಿಗೇ ಹೇಳೆಂದೆ. ನಮ್ಮ ಮುತ್ತಜ್ಜ ಮಲ್ಲಪ್ಪ ಕಳೆದುಹೋದ ಎಮ್ಮೆಯನ್ನು ಹುಡುಕುತ್ತ ಸಂತಪುರದಿಂದ ಡಾಬಕಾಕ್ಕೆ ಬಂದನಂತೆ. ಎಮ್ಮೆ ಸಿಕ್ಕಿತು, ಆದರೆ ತಿರುಗಿ ಹೊರಡಲು ಒಪ್ಪಲಿಲ್ಲ. ಅದು ಹೊಕ್ಕ ಕೊಟ್ಟಿಗೆಯ ಮನೆಯ ಮಗಳನ್ನು ಮದುವೆಯಾಗಿ ಇವನೂ ಅಲ್ಲೇ ನಿಂತ. ಅಂದರೆ, ನಮ್ಮ ಮನೆತನವನ್ನು ಸ್ಥಾಪಿಸಿದ್ದು ಎಮ್ಮೆ.

"ಇವನಕಿಂತ ದೊಡ್ಡ ಮನಿಶ್ಯಾ ಸಿಗಂಗಿಲ್ಲೇನು?" ಎಂದೆ.

"ಹುಟ್ಟಿಸಿ ಹೇಳೂದು ನಮ್ಮ ಕಸಬಲ್ಲರಿ ಧಣಿ. ಬ್ಯಾರೆ ಮನಿ ಮುತ್ಯಾನ್ನ ಬೇಕಾದ್ರ ತಂದು ಹಚ್ತೇನಿ."

ಒಂದು ಚೀಲ ಜೋಳಕ್ಕೆ ಮಾತಾಯಿತು. ಯಾವ ಮನೆಯವನು ಎಂದು ನಾನು ಕೇಳಲಿಲ್ಲ. ಮನೆಗೆ ಬಂದು ಎಮ್ಮೆಯ ಕತೆಯನ್ನು ಬಸವ್ವನಿಗೆ ಮಾತ್ರ ಹೇಳಿ ನಕ್ಕೆ.

ಬೀಗರು ಬಂದು ಜಮಖಾನೆಯ ಮೇಲೆ ಕೂತರು. ಹೆಳವ ತನ್ನ ರೂಢಿಯಂತೆ ಕಣ್ಣು ಮುಚ್ಚಿಕೊಂಡು ಶುರು ಮಾಡಿದ: ಕಲ್ಯಾಣದಿಂದ ಕುದುರೆ ಏರಿ ಬಂದ ಸಂಗಪ್ಪ, ಬೀದರ ಕಿಲ್ಲೆಯ ಸವಾರ, ಕಿವಿಯಲ್ಲಿ ಮುತ್ತಿನ ಒಂಟಿ... ತಮ್ಮ ಅಜ್ಜನ ಹೆಸರನ್ನೇ ಮರೆತು ಅಪ್ಪನೂ ಬಾಯಿ ತೆರೆದು ಕೇಳುತ್ತಿದ್ದರು. ವರನ ಅಜ್ಜ ಎದ್ದು ನಿಂತರು.

"ಏ ಹೆಳವಾ, ಇಂವ ನಮ್ಮ ಮುತ್ಯಾ ಅಲ್ಲೇನೊ?"

ಹೆಳವ ಕಣ್ಣು ತೆರೆದ. ಅಜ್ಜನನ್ನು ನೋಡಿದ. ಮತ್ತೆ ಮುಚ್ಚಿಕೊಂಡ.

ಒಂದೇ ಮೂಲಪುರುಷನ ಮನೆಗಳು ಅಣ್ಣತಮ್ಮಂದಿರ ಮನೆಗಳು. ನಮ್ಮಲ್ಲಿ ಅವುಗಳ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲ. ವರ ಕೂತಲ್ಲೇ ಬಸವ್ವನ ಅಣ್ಣನಾಗಿಬಿಟ್ಟ. ಅಜ್ಜ ನಮ್ಮಪ್ಪನನ್ನು ತಬ್ಬಿಕೊಂಡು, "ಇಷ್ಟು ದಿನ ಎಲ್ಲಿದ್ದಿ ತಮ್ಮಾ?" ಎಂದು ಕಣ್ಣೊರಸಿಕೊಂಡರು. ಆಮೇಲೆ, "ಲಗ್ನ ಅಂತೂ ಆಗಂಗಿಲ್ಲ," ಎಂದರು.

ಬಾಗಿಲ ಹಿಂದಿನಿಂದ ಬಸವ್ವನ ದನಿ ಬಂತು. ಅಳುತ್ತಿದ್ದಳು; ಅಳುವಿನಲ್ಲೂ ಗದರಿಸುತ್ತಿದ್ದಳು. "ಅಣ್ಣಾ, ಇದು ನಿಂದೇ ಕೆಲಸ! ಎಮ್ಮಿ ಮುತ್ಯಾನ್ನ ವಾಪಸ್ ತಾ!"

ಅವನನ್ನು ವಾಪಸ್ ತಂದೆ. ಎಮ್ಮೆ, ಕೊಟ್ಟಿಗೆ, ಜೋಳ, ಎಲ್ಲವನ್ನೂ ತಲೆ ಬಗ್ಗಿಸಿಕೊಂಡು ಒದರಿದೆ. ಅಪ್ಪ ಎಕ್ಕಡ ಹುಡುಕತೊಡಗಿದರು. ಅಜ್ಜನ ಮುಖ ಕೆಂಪಾಯಿತು.

"ನಮ್ಮ ಮುತ್ಯಾಗ ಬರೇ ಒಂದು ಚೀಲ ಜೋಳ?"

"ತಪ್ಪಾತರಿ."

ಅಜ್ಜ ಎಕ್ಕಡಕ್ಕೆ ತಡಕಾಡುತ್ತಿದ್ದ ಅಪ್ಪನ ಕೈ ಹಿಡಿದರು. "ನಮ್ಮ ಕುದುರಿಯಾಂವ ಮನ್ಯಾಗ ಯಾವಾಗ ಇದ್ದ? ನಿಮ್ಮಾಂವ ಎಮ್ಮೀನೂ ಬಿಡಲಿಲ್ಲ, ಹೆಂಡ್ತೀನೂ ಬಿಡಲಿಲ್ಲ. ಆ ಮನಿ ಹುಡುಗಿ ನಮಗ ನಡೀತಾಳ," ಎಂದು ಮತ್ತೆ ಕೂತರು. ಬಸವ್ವ ಕಣ್ಣೊರಸಿಕೊಂಡು ಎಲ್ಲರಿಗೂ ಶೇಂಗಾ ಹೋಳಿಗೆ ತಂದಿಟ್ಟಳು. ನನ್ನ ತಟ್ಟೆ ಬರಲೇ ಇಲ್ಲ.

ಮುಂದಿನ ಸುಗ್ಗಿಗೆ ಹೆಳವ ಮತ್ತೆ ಬಂದ. ನಮ್ಮ ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಹೇಳಿದ: ಎಮ್ಮೆ ಹುಡುಕಿ ಬಂದ ಮಲ್ಲಪ್ಪ, ಅವನ ಮಗ, ಅವನ ಮಗ, ಕೊನೆಗೆ, "ಜ್ವಾಳಾ ಕೊಟ್ಟು ಮುತ್ಯಾನ್ನ ಬದಲಿ ಮಾಡಿದ ಶರಣಪ್ಪ." ಶರಣಪ್ಪ ನಾನೇ. ನಾಳೆ ನನ್ನ ಮೊಮ್ಮಕ್ಕಳೂ ಇದನ್ನು ಕೇಳುತ್ತಾರಲ್ಲ! ಅವನನ್ನು ಗೋಡೆಯ ಮರೆಗೆ ಕರೆದು ಮತ್ತೊಂದು ಚೀಲ ತೋರಿಸಿ, ಆ ಕೊನೆಯ ಮಾತನ್ನು ಕೈಬಿಡು ಎಂದೆ.

"ಕೈಬಿಡಾಕ ಬರಂಗಿಲ್ಲರಿ ಧಣಿ," ಎಂದ ಹೆಳವ. "ಬೇಕಾದ್ರ ನಿಮ್ಮನ್ನ ಒಯ್ದು ಬ್ಯಾರೆ ಮನಿಗಿ ಹಚ್ಚಬೇಕು. ಆಗಳೇ ನಾಕು ಮನ್ಯಾಗ ಕೇಳಿ ನೋಡೀನಿ. ಪುಕ್ಕಟ ಕೊಟ್ರೂ ಬ್ಯಾಡ ಅಂತಾರ."