ಬೀಗದ ಕೈ ಸರ್ಕಾರದ ಸೊಂಟದಲ್ಲಿ

ಸರ್ಕಾರಿ ಕಚೇರಿಯ ಕಂಪ್ಯೂಟರ್ ರಿಪೇರಿ ಮಾಡಿ ಬದುಕುವವಳಿಗೆ ನಗುವುದಕ್ಕೆ ಬೇರೆ ಖರ್ಚಿಲ್ಲ. ಪ್ರಸಂಗಗಳು ತಾವಾಗಿ ಕಾಲಿಗೆ ತೊಡರಿಕೊಳ್ಳುತ್ತವೆ. ಈಚೆಗೆ ಮಾತ್ರ ನಗುವಿಗಿಂತ ಮೊದಲು ಮೈ ಉರಿಯುತ್ತದೆ. ನನ್ನ ತಂಗಿ, ಹೊಡೆಯುವ ಗಂಡನನ್ನು ಲಷ್ಕರ್ ಮೊಹಲ್ಲಾದಲ್ಲಿ ಬಿಟ್ಟು ನನ್ನ ಜೊತೆ ಇದ್ದಾಳೆ. ಅವನಿಗೆ ಗೊತ್ತಾಗದಿರಲಿ ಅಂತ ನಾನು ಇದ್ದ ಮನೆಯನ್ನೂ ಖಾಲಿ ಮಾಡಿ, ಸಿದ್ಧಾರ್ಥನಗರದಲ್ಲಿ ಬೇರೆ ಮನೆ ಬಾಡಿಗೆಗೆ ಹಿಡಿದೆ.

ಇಂಥ ಹೊತ್ತಿನಲ್ಲಿ, ನಾನು ರಿಪೇರಿಗೆ ಹೋಗುವ ಕಚೇರಿಯ ಸಾಹೇಬರು ನನಗೆ ಉಪದೇಶ ಮಾಡಿದರು. ಜನ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಗುಟ್ಟಿನ ಮಾತಿಗೆಲ್ಲ ಬೀಗವಿದೆಯಲ್ಲ, ಅದರ ಕೈಯೊಂದು ಸರ್ಕಾರದ ಹತ್ತಿರ ಇದ್ದರೆ ತಪ್ಪೇನು, ಹೆದರಬೇಕಾದವರು ಕಳ್ಳರು ತಾನೇ ಅಂದರು. ಇವರ ಕಚೇರಿಯ ಬೀಗದ ಕೈಗಳ ಯೋಗ್ಯತೆ ನನಗೆ ಗೊತ್ತಿಲ್ಲವೇ?

೧. ಆಯುಧಪೂಜೆ

ಸಾಹೇಬರು ಕಂಪ್ಯೂಟರಿನಲ್ಲಿ ಸಹಿ ಹಾಕುವುದು ಪೆನ್‌ಡ್ರೈವಿನಂಥ ಒಂದು ಕೀಲಿಯಿಂದ. ಅದನ್ನು ಚುಚ್ಚಿ ಗುಟ್ಟಿನ ಸಂಖ್ಯೆ ಒತ್ತಿದರೆ ಯಾವ ಆದೇಶಕ್ಕಾದರೂ ಅವರ ಸಹಿ ಬೀಳುತ್ತದೆ. ಕಳೆದ ದಸರಾದಲ್ಲಿ, ಇದೂ ಆಯುಧವೇ ಅಂತ ಕಚೇರಿಯ ಇಂಥ ಕೀಲಿಗಳನ್ನೆಲ್ಲ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಅದಲುಬದಲಾಗದಿರಲಿ ಅಂತ ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ್ದರು. ಮರೆತುಹೋಗದಿರಲಿ ಅಂತ ಗುಟ್ಟಿನ ಸಂಖ್ಯೆಯನ್ನೂ ಅದರ ಮೇಲೇ ಬರೆದಿದ್ದರು.

ಹಬ್ಬ ಮುಗಿದು ಕಚೇರಿ ಬಾಗಿಲು ತೆಗೆದರೆ ಸಾಹೇಬರ ಕೀಲಿಯೇ ಇಲ್ಲ. ಕಂಪ್ಯೂಟರಿನೊಳಗೆ ಬಿದ್ದಿರಬಹುದು, ಬಿಚ್ಚಿ ನೋಡಿ ಅಂತ ನನ್ನನ್ನು ಕರೆಸಿದರು. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಪುರೋಹಿತರ ಫೋನು ಬಂತು. ದಕ್ಷಿಣೆಯ ಜೊತೆ ಕೊಟ್ಟ ಪೆನ್‌ಡ್ರೈವಿಗೆ ಭಜನೆ ತುಂಬಿಸೋಣ ಅಂತ ಹೋದರೆ ಅದು ಒಂದು ಹಾಡನ್ನೂ ಹಿಡಿಸಿಕೊಳ್ಳುತ್ತಿಲ್ಲವಂತೆ.

"ಕೆಟ್ಟೋಗಿರೋದನ್ನ ಕೊಟ್ಟಿದ್ದೀರಿ ಕಣ್ರೀ," ಅಂದರು. "ಬೇರೆ ಇದ್ರೆ ಕೊಡಿ."

೨. ಗೌಪ್ಯ

ಸರ್ವರ್ ನಿಧಾನ ಎಂಬ ನೆಪದಲ್ಲಿ, ಜನರ ಅರ್ಜಿಗಳ ಫೋಟೋ ತೆಗೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕುವುದು ಇಲ್ಲಿಯ ಪದ್ಧತಿ. ಯಾರ ಕಾಯಿಲೆ, ಯಾರ ಜಗಳ, ಎಲ್ಲ ಅಲ್ಲಿಗೆ. ಪ್ರತಿ ಫೋಟೋದ ಕೆಳಗೂ ತಪ್ಪದೆ 'ಗೌಪ್ಯ' ಎಂದು ಬರೆಯುತ್ತಾರೆ.

ಒಂದು ದಿನ, ಅರ್ಜಿ ಕೊಟ್ಟು ಬೆಂಚಿನ ಮೇಲೆ ಕೂತಿದ್ದ ಮೇಷ್ಟರೊಬ್ಬರಿಗೆ ಎದುರಿನ ಟೀ ಅಂಗಡಿಯವನು ಲೋಟ ಕೊಡುತ್ತಾ, ಕಿಡ್ನಿ ಹುಷಾರು ಸಾರ್ ಅಂದ. ಮೇಷ್ಟರ ಮುಖ ಬಿಳಿಚಿಕೊಂಡಿತು. ಆ ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲವಂತೆ. ವಿಚಾರಿಸಿದರೆ, ಟೀ ಹೇಳಿ ಕಳಿಸಲು ಅನುಕೂಲ ಅಂತ ಅವನೂ ಆ ಗುಂಪಿನಲ್ಲಿದ್ದಾನೆ. ನನಗೆ ಕೋಪ ನೆತ್ತಿಗೇರಿತು. ಸೀದಾ ಗುಮಾಸ್ತರ ಮೇಜಿಗೆ ಹೋಗಿ, ಅವನನ್ನು ಈಗಲೇ ಗುಂಪಿನಿಂದ ತೆಗೆಯಿರಿ ಅಂದೆ.

"ಹೆಂಗೆ ತೆಗೆಯೋದು ಮೇಡಂ? ಗ್ರೂಪ್ ಅಡ್ಮಿನ್ನೇ ಅವನು."

೩. ಓಟಿಪಿ

ಇಷ್ಟೆಲ್ಲ ನೋಡಿಯೂ ತಂಗಿಯನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕಾಯಿತು. ಕಡಕೊಳದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹೊಸ ವಿಳಾಸದ ದಾಖಲೆ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಅಂದಿದ್ದರು. ಈ ವಿಳಾಸ ಗಂಡನ ಕಿವಿಗೆ ಬೀಳಬಾರದು ಅಂತ ಗುಮಾಸ್ತರಿಗೆ ಕೈಮುಗಿದು ಹೇಳಿದೆ. ಓಟಿಪಿ ಇಲ್ಲದೆ ದೇವರು ಬಂದು ಕೇಳಿದರೂ ಹೇಳುವುದಿಲ್ಲ, ಹೆದರಬೇಡಿ ಅಂತ ಅವರು ಸಮಾಧಾನ ಮಾಡಿ ಕಳಿಸಿದರು.

ಅವತ್ತು ಸಂಜೆಯೇ ಅವನು ನಮ್ಮ ಗೇಟಿನ ಮುಂದೆ ನಿಂತಿದ್ದ. ತಂಗಿ ಅಡುಗೆಮನೆಯ ಮೂಲೆಯಲ್ಲಿ ಅವಿತು ಕೂತಳು. ನಾನು ಪೊಲೀಸರಿಗೆ ಫೋನ್ ಮಾಡುವುದು ಕೇಳಿಸಿ ಅವನು ಹೊರಟ. ಮತ್ತೆ ಬರುತ್ತೇನೆ ಅಂತ ಹೇಳಿಯೇ ಹೊರಟ.

"ಇನ್ನೆಲ್ಲಿಗೆ ಹೋಗೋಣ ಅಕ್ಕ?" ಅಂದಳು. ನಾನು ಬಾಗಿಲಿಗೆ ಒಳಗಿನಿಂದ ಬೀಗ ಜಡಿದೆ.

ಬೆಳಿಗ್ಗೆ ಇಬ್ಬರೂ ಕಚೇರಿಗೆ ಹೋದೆವು. ಮದುವೆಯಾದಾಗ ಅವಳ ಕಾಗದಪತ್ರಕ್ಕೆಲ್ಲ ಗಂಡನ ಫೋನ್ ನಂಬರನ್ನೇ ಕೊಟ್ಟಿದ್ದರು. ನಮ್ಮಲ್ಲಿ ಹೆಂಗಸರಿಗೆ ಹಾಗೇ ಮಾಡುವುದು. ನಿನ್ನೆ ನಾವು ಹೊರಟ ಮೇಲೆ ಓಟಿಪಿ ಅವನಿಗೆ ಹೋಗಿದೆ. ಗುಮಾಸ್ತರು ಅವನಿಗೇ ಫೋನ್ ಮಾಡಿದ್ದಾರೆ. ಓಟಿಪಿ ಯಾತಕ್ಕೆ ಅಂತ ಅವನು ಕೇಳಿದ್ದಾನೆ. ಇವರು ಮನೆ ನಂಬರು, ಕ್ರಾಸು ಸಮೇತ ಹೊಸ ವಿಳಾಸ ಓದಿ, ಸರಿಯಾಗಿದೆಯಾ ಅಂತ ಅವನನ್ನೇ ಕೇಳಿ ಖಚಿತ ಮಾಡಿಕೊಂಡಿದ್ದಾರೆ.

"ಒಳ್ಳೆ ಮನುಷ್ಯ ಮೇಡಂ," ಅಂದರು ಗುಮಾಸ್ತರು. "ಒಂದೇ ಸಲಕ್ಕೆ ಓಟಿಪಿ ಹೇಳ್ಬುಟ್ರು."

ಕಚೇರಿ ಕಿತ್ತುಹೋಗುವಂತೆ ಕೂಗಾಡಿದೆ. ಇವಳ ಪ್ರಾಣವನ್ನು ನಿಮ್ಮನ್ನು ನಂಬಿ ಕೊಟ್ಟಿದ್ದೆವು, ನೀವು ಅದನ್ನು ಕೊಲ್ಲುವವನ ಕೈಗೇ ಒಯ್ದು ಕೊಟ್ಟಿರಿ ಅಂದೆ. ಸಾಹೇಬರು ಹೊರಗೆ ಬಂದು, ಕೂಗಿದರೆ ಏನೂ ಆಗುವುದಿಲ್ಲ, ಗಂಡನ ಮೇಲೆ ಆನ್‌ಲೈನ್ ದೂರು ಕೊಡಿ, ಐದು ನಿಮಿಷದ ಕೆಲಸ ಅಂದರು. ತಪ್ಪು ತಿದ್ದಿಕೊಳ್ಳುವವರ ಹಾಗೆ ಗುಮಾಸ್ತರು ತಾವೇ ಕೂತು, ತಂಗಿ ಅಳುತ್ತಾ ಹೇಳಿದ್ದನ್ನೆಲ್ಲ ಟೈಪ್ ಮಾಡಿದರು. ಕೊನೆಗೆ ಒಂದು ಗುಂಡಿ ಒತ್ತಿ, ಒಂದು ನಿಮಿಷ ಅಂತ ನಮಗೆ ಕೈ ತೋರಿಸಿ ಫೋನೆತ್ತಿಕೊಂಡರು.

"ನಮಸ್ಕಾರ ಸಾರ್, ನಿಮ್ಮ ಮಿಸೆಸ್ಸು ನಿಮ್ಮ ಮೇಲೆ ಒಂದು ದೂರು ಕೊಡ್ತಾ ಅವ್ರೆ. ಓಟಿಪಿ ಬಂದಿರುತ್ತೆ, ಸ್ವಲ್ಪ ನೋಡಿ ಹೇಳ್ತೀರಾ?"